ಭಾವವೂ ಸ್ಮೃತಿಯೂ

ನಾಟ್ಯಶಾಸ್ತ್ರವು ಎಣಿಸಿರುವ 33 ಸಂಚಾರಿಭಾವಗಳಲ್ಲಿ ಸ್ಮೃತಿಯೂ ಒಂದು. ನೆನಪನ್ನು ಬುದ್ಧಿಯ ಉಗ್ರಾಣಕ್ಕೆ ಒಪ್ಪಿಸದೆ ಭಾವಗಳ ಸಾಲಿನಲ್ಲಿ ಸೇರಿಸಿದ ಆ ವಿಂಗಡಣೆಯ ಔಚಿತ್ಯವು ಮಿದುಳಿನ ಇಂದಿನ ಅಧ್ಯಯನದಿಂದ ಮನವರಿಕೆಯಾಗುತ್ತದೆ. ಹಾಗೆಂದು ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಬೀಗಬೇಕಾಗಿಲ್ಲ.

ಮಿದುಳಿನ ಎರಡು ಪಾರ್ಶ್ವಗಳಲ್ಲಿಯೂ ಬಾದಾಮಿಯ ಆಕಾರದ ಪುಟ್ಟ ಭಾಗವೊಂದಿದೆ. ಅದಕ್ಕೆ ಅಮಿಗ್ಡಲವೆಂದು ಹೆಸರು. ಅನುಭವಗಳನ್ನು ನೆನಪಾಗಿ ಕಟ್ಟುವ ಹಿಪ್ಪೋಕ್ಯಾಂಪಸ್ ಅದರ ನೆರೆಯಲ್ಲಿಯೇ ಇದೆ. ಭಯವೋ ಹರ್ಷವೋ ಉಕ್ಕಿ ಅಡ್ರಿನಲಿನ್ ಮೊದಲಾದ ಸ್ರಾವಗಳು ಹೆಚ್ಚಿದಾಗ ಅಮಿಗ್ಡಲವು ಚುರುಕುಗೊಂಡು, ಆ ಕ್ಷಣವನ್ನು ಆಳವಾಗಿ ಅಚ್ಚೊತ್ತುವಂತೆ ನೆರೆಯ ಭಾಗವನ್ನು ಪ್ರೇರಿಸುತ್ತದೆ. ಆದರೆ ಆಗ ಅವಧಾನದ ಹರವು ಕಿರಿದಾಗುತ್ತದೆ. ಚೂರಿ ಹಿಡಿದವನನ್ನು ಕಂಡವನ ದೃಷ್ಟಿ ಬಹುಮಟ್ಟಿಗೆ ಚೂರಿಯಲ್ಲಿಯೇ ನೆಡುತ್ತದೆ. ಮುಖದ ಗುರುತು ಮಸುಕಾಗುತ್ತದೆ. ಬೆತ್ತಕ್ಕೆ ಅಂಜಿ ಕುಳಿತ ಬಾಲಕನ ಚಿತ್ತದಲ್ಲಿ ಬೆತ್ತವೇನೋ ಉಳಿದೀತು, ಪದ್ಯದ ಅರ್ಥ ಉಳಿಯುವುದು ಕಷ್ಟ.

ಅಚ್ಚೊತ್ತಿದ್ದೆಲ್ಲವೂ ನಿಜವೆಂದಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆಯು ಆಕಾಶದಲ್ಲಿಯೇ ಒಡೆದು 7 ಮಂದಿ ಮಡಿದರು, ಅವರಲ್ಲೊಬ್ಬರು ಶಾಲಾಶಿಕ್ಷಕಿ. ಆ ವಾರ್ತೆ ತಮಗೆ ಹೇಗೆ ತಿಳಿಯಿತೆಂಬುದನ್ನು ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ಅವರು ಮರುದಿನವೇ ಎಮರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಬರೆಸಿಟ್ಟರು. ಎರಡೂವರೆ ವರ್ಷಗಳ ತರುವಾಯ ಅವರಲ್ಲಿ 44 ಮಂದಿಯಿಂದ ಮತ್ತೆ ಬರೆಸಲು, 11 ಮಂದಿಯ ಉತ್ತರವು ಮುಖ್ಯಾಂಶಗಳಲ್ಲೆಲ್ಲ ಬೇರೆಯಾಗಿತ್ತು. ಆದರೂ ಅನೇಕರಿಗೆ ತಮ್ಮ ನೆನಪಿನಲ್ಲಿ ಅಚಲವಾದ ನಂಬಿಕೆ! ತಪ್ಪಾಗಿ ಹೇಳಿದವರ ಮುಂದೆ ಅವರದೇ ಕೈಬರಹದ ಹಳೆಯ ಹಾಳೆಯನ್ನು ಇಟ್ಟಾಗಲೂ ಮೊದಲಿನ ನೆನಪು ಒಬ್ಬರಿಗೂ ಮರಳಲಿಲ್ಲ.