ಕೆಟ್ಟಾಗಲೂ ಕಾಯುವ ನಿಯಂತ್ರಣ

ಮಹದೇವಪುರದ ಗರುಡಾಚಾರ್‌ಪಾಳ್ಯದಲ್ಲಿ ಕಂಬಗಳ ಮೇಲೆ 2023ರ ಮಾರ್ಚ್‌ನಿಂದ ಮೆಟ್ರೊ ಓಡುತ್ತಿದೆ. ಕೆಳಗೆ ಕಾರು, ಬಸ್ಸು, ಆಟೊ, ನೀರಿನ ಟ್ಯಾಂಕರುಗಳ ಜಾತ್ರೆ. ಚಾಲಕನಿಲ್ಲದೆ ಮೇಲಿನ ರೈಲನ್ನು ಓಡಿಸುವುದು ಸುಲಭವೋ, ಕೆಳಗಿನ ಕಾರನ್ನೋ? ರೈಲು ಎಂದು ಎಲ್ಲರೂ ಹೇಳುತ್ತಾರೆ. ಕಾರಣ ಕೇಳಿದರೆ ಸಂಚಾರ ದಟ್ಟಣೆ ಎನ್ನುತ್ತಾರೆ. ಅದು ಅರ್ಧ ಉತ್ತರ. ಉಳಿದರ್ಧ, ನಿಯಂತ್ರಣ ವ್ಯವಸ್ಥೆ ಕೆಟ್ಟಾಗ ಏನಾಗಬೇಕು ಎಂಬುದರಲ್ಲಿದೆ.

ಯಂತ್ರವೆಂದ ಮೇಲೆ ಕೆಡುತ್ತದೆ. ಕೆಟ್ಟಾಗ ತಾನಾಗಿಯೇ ಅಪಾಯವಿಲ್ಲದ ಸ್ಥಿತಿಗೆ ಹೋಗುವ ವ್ಯವಸ್ಥೆಗೆ 'ಫೇಲ್-ಸೇಫ್' ಎಂದು ಹೆಸರು. ಇದರ ಸೊಗಸಾದ ಮಾದರಿ ರೈಲ್ವೆಯ ಹಳಿ ಮಂಡಲ. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಎರಡು ಹಳಿಗಳ ಮೂಲಕ ಅಲ್ಪ ವಿದ್ಯುತ್ ಹರಿಸಿ ರಿಲೇಯ ವಿದ್ಯುತ್ಕಾಂತಕ್ಕೆ ಕೊಡುತ್ತಾರೆ. ಕಾಂತವು ರಿಲೇಯ ತೋಳನ್ನು ಎತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಹಸಿರು. ರೈಲು ಬಂದಾಗ ಗಾಲಿಗಳೂ ಅಚ್ಚೂ ಎರಡು ಹಳಿಗಳನ್ನು ಕೂಡಿಸುವುದರಿಂದ ವಿದ್ಯುತ್ ರಿಲೇಯನ್ನು ತಲುಪುವುದಿಲ್ಲ. ತೋಳು ತನ್ನ ತೂಕದಿಂದಲೇ ಬೀಳುತ್ತದೆ, ಕೆಂಪು ಬರುತ್ತದೆ. ಬ್ಯಾಟರಿ ಮುಗಿದರೂ ತಂತಿ ಕಡಿದರೂ ಅದೇ ಕೆಂಪು. ಗುರುತ್ವಕ್ಕೆ ಪವರ್ ಕಟ್ ಇಲ್ಲ! ವಿದ್ಯುತ್ ಹರಿದಾಗ ಕೆಂಪು ಬರುವಂತೆ ಮಂಡಲವನ್ನು ತಿರುಗಿಸಿದರೆ ಏನಾದೀತು ಎಂದು ತರಗತಿಯಲ್ಲಿ ಕೇಳಿ ನೋಡಿ. ತಂತಿ ಕಡಿದ ದಿನ ಹಸಿರು ಎಂಬುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ.

ರೈಲಿಗೆ ಸುರಕ್ಷಿತ ಸ್ಥಿತಿಯೆಂದರೆ ನಿಲ್ಲುವುದು. ಗಂಟೆಗೆ 80 ಕಿ.ಮೀ. ವೇಗದ ಮೆಟ್ರೊ, ಸೆಕೆಂಡಿಗೆ 1 ಮೀಟರ್/ಸೆಕೆಂಡ್‌ನಂತೆ ವೇಗ ಇಳಿಸಿದರೆ ನಿಲ್ಲಲು ಸುಮಾರು 250 ಮೀಟರ್ ಬೇಕು. ಅಷ್ಟು ಹಳಿಯನ್ನು ಸಂಕೇತ ವ್ಯವಸ್ಥೆ ಖಾಲಿ ಇಟ್ಟಿರುತ್ತದೆ. ಹೀಗಾಗಿಯೇ ಚಾಲಕರಿಲ್ಲದೆ ಓಡಬಲ್ಲ ರೈಲುಗಳು 2025ರ ಆಗಸ್ಟ್‌ನಲ್ಲಿ ನಮ್ಮ ಮೆಟ್ರೊದ ಹಳದಿ ಮಾರ್ಗಕ್ಕೂ ಬಂದಿವೆ.

ರಸ್ತೆಯಲ್ಲಿ ಆ ಖಾಲಿ ಜಾಗವನ್ನು ಯಾರು ಇಡುತ್ತಾರೆ? ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ವೇಗದ ಕಾರು ಥಟ್ಟನೆ ಬ್ರೇಕ್ ಹಾಕಿತೆನ್ನಿ. ಹಿಂದಿನ ಚಾಲಕ ಅಷ್ಟೇ ಬಲವಾಗಿ ಬ್ರೇಕ್ ಒತ್ತಿದರೂ, ಎಚ್ಚೆತ್ತುಕೊಳ್ಳಲು ಒಂದೂವರೆ ಸೆಕೆಂಡ್ ಹಿಡಿದರೆ 15 ಮೀಟರ್ ಅಂತರ ಇರಲೇಬೇಕು. ನಮ್ಮಲ್ಲಿ 15 ಮೀಟರ್ ಬಿಟ್ಟರೆ ಅಲ್ಲಿ ಎರಡು ಆಟೊಗಳು ನುಗ್ಗಿರುತ್ತವೆ.

ಹಾಗೆಂದು ಬ್ರೇಕನ್ನೇ ಅನುಮಾನಿಸಿದರೆ? 2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪೆಯಲ್ಲಿ ಊಬರ್‌ನ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಬಡಿದು ಅವರು ಸಾವಿಗೀಡಾದರು. ಅಲ್ಲಿನ ಸಾರಿಗೆ ಸುರಕ್ಷಾ ಮಂಡಳಿಯ ತನಿಖೆಯಂತೆ, ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ರೇಡಾರ್ ಅವರನ್ನು ಗುರುತಿಸಿತ್ತು. ಕಾರಿನ ವೇಗ ಗಂಟೆಗೆ ಸುಮಾರು 70 ಕಿ.ಮೀ. ಇನ್ನೂ ನೂರು ಮೀಟರಿಗೂ ಹೆಚ್ಚು ದಾರಿಯಿತ್ತು. ಗಣಕ ಮಾತ್ರ ಎದುರಿರುವುದು ವಾಹನವೋ ಸೈಕಲ್ಲೋ ಮತ್ತೇನೋ ಎಂದು ತೀರ್ಮಾನ ಬದಲಿಸುತ್ತಲೇ ಇತ್ತು. ಅನವಶ್ಯಕ ಬ್ರೇಕ್ ಬೀಳದಿರಲೆಂದು, ತುರ್ತು ಎಂದು ತಿಳಿದ ಮೇಲೂ ಒಂದು ಸೆಕೆಂಡ್ ಸುಮ್ಮನಿರುವಂತೆ ತಂತ್ರಾಂಶ ಬರೆದಿದ್ದರು. ಕಾರು ತಯಾರಕರ ಸ್ವಂತ ತುರ್ತು ಬ್ರೇಕ್ ವ್ಯವಸ್ಥೆಯೂ ಆಗ ಕೆಲಸ ಮಾಡದಂತೆ ಮಾಡಲಾಗಿತ್ತು. ಯಾವ ಭಾಗವೂ ಕೆಟ್ಟಿರಲಿಲ್ಲ ಎಂಬುದನ್ನು ಗಮನಿಸಿ.

ಆದ್ದರಿಂದ ಕಾರಿನ ವಿನ್ಯಾಸಕಾರರಿಗೆ ಫೇಲ್-ಸೇಫ್ ಸಾಲದು. ಒಂದು ಭಾಗ ಕೆಟ್ಟರೂ, ಸುರಕ್ಷಿತ ತಾಣ ಸೇರುವ ತನಕ ಕಾರು ನಡೆಯಬೇಕು. ಅದಕ್ಕೆ ಬ್ರೇಕು, ಸ್ಟೀರಿಂಗು, ವಿದ್ಯುತ್ ಪೂರೈಕೆ ಎಲ್ಲಕ್ಕೂ ಜೋಡಿ ಬೇಕು. ಗಣಕಗಳು ಮೂರಿದ್ದರೆ ಬಹುಮತದಂತೆ ನಡೆಯಬಹುದು. ಒಂದು ಪ್ರಯಾಣದಲ್ಲಿ ಒಂದು ಗಣಕ ಕೆಡುವ ಸಂಭವನೀಯತೆ ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳಿ. ಎರಡು ಒಟ್ಟಿಗೆ ಕೆಡುವುದು, ಮೂರು ಜೋಡಿಗಳಿರುವುದರಿಂದ, ಹತ್ತು ಲಕ್ಷಕ್ಕೆ ಸುಮಾರು ಮೂರು.

ಆದರೆ ಈ ಗುಣಾಕಾರ ನಡೆಯುವುದು ಅವು ಒಂದಕ್ಕೊಂದು ಸಂಬಂಧವಿಲ್ಲದೆ ಕೆಟ್ಟರೆ ಮಾತ್ರ. 1996ರ ಜೂನ್ 4ರಂದು ಏರಿಯಾನ್-5 ರಾಕೆಟ್‌ನಲ್ಲಿ ದಿಕ್ಕು ತಿಳಿಸುವ ಉಪಕರಣಗಳು ಎರಡಿದ್ದವು, ತಂತ್ರಾಂಶ ಒಂದೇ. 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳಿಗೆ ತುರುಕಲು ಹೋಗಿ ಎರಡೂ ಒಂದೇ ತಪ್ಪಿನಿಂದ ಕೈಕೊಟ್ಟವು. ಹಾರಿ ಮುಕ್ಕಾಲು ನಿಮಿಷವೂ ಆಗುವ ಮೊದಲೇ ರಾಕೆಟ್ ಚೂರಾಯಿತು.

ಇಷ್ಟೆಲ್ಲ ಸರಿಯಾಗಿದ್ದು, ಕೆಟ್ಟ ಕಾರು ನಿಧಾನವಾಗಿ ಎಡಕ್ಕೆ ಸರಿದು ನಿಲ್ಲಬೇಕು. ಗರುಡಾಚಾರ್‌ಪಾಳ್ಯದಲ್ಲಿ ಆ ಎಡ ಅಂಚಿನಲ್ಲಿ ಎಳನೀರಿನ ಗಾಡಿ ನಿಂತಿರುತ್ತದೆ.