ಒತ್ತದ ಕೀಲಿಯ ಸುದ್ದಿ

ಗ್ನೂ ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ಕನ್ನಡ ಬರೆಯಬೇಕೆಂದರೆ ಅದರೊಳಗೇ ಇರುವ ‘ಕನ್ನಡ-ಐಟ್ರಾನ್ಸ್’ ವಿಧಾನ ಸಾಕು. ಕೆ ಒತ್ತಿದರೆ ‘ಕ್’, ಬೆನ್ನಿಗೇ ಎ ಒತ್ತಿದರೆ ‘ಕ’. ಈ ಒಂದೊಂದು ಒತ್ತಿಗೂ ಇಮ್ಯಾಕ್ಸ್‌ನ ಸಿ ಭಾಷೆಯ ಕೋಡು ಒಂದು ಪುಟ್ಟ ದಾಖಲೆ ತಯಾರಿಸುತ್ತದೆ: ಇದು ಯಾವ ಬಗೆಯ ಇವೆಂಟ್ (ಘಟನೆ), ಯಾವ ಕೀಲಿ, ಜೊತೆಗೆ ಕಂಟ್ರೋಲ್ ಒತ್ತಿತ್ತೇ, ಯಾವ ಕಿಟಕಿಗೆ ಸೇರಿದ್ದು, ಯಾವ ಹೊತ್ತಿನದು. ತೊಡಕಿರುವುದು ಈ ದಾಖಲೆ ಹುಟ್ಟುವ ಜಾಗದಲ್ಲಿ. ಸಿ ಭಾಷೆಯ ಫಂಕ್ಷನ್ನಿನೊಳಗಿನ ಸಾಮಾನ್ಯ ಚರಾಂಶಕ್ಕೆ ಸಿಗುವ ಮೆಮೊರಿ ಒರೆಸದ ಸ್ಲೇಟು; ಹಿಂದಿನವರು ಬರೆದಿಟ್ಟ ಲೆಕ್ಕ ಅಲ್ಲೇ ಇರುತ್ತದೆ. ಅದನ್ನು ಒರೆಸುವ ಹೊಣೆ ಕೋಡು ಬರೆದವರದೇ.

ಒರೆಸದಿದ್ದರೆ ಏನಾದೀತು? ಎಕ್ಸ್ ವಿಂಡೋ ವ್ಯವಸ್ಥೆಯಿಂದ ಬರುವ ಸುದ್ದಿಗಳನ್ನು ನೋಡಿಕೊಳ್ಳುವ ಫಂಕ್ಷನ್ ಕೊನೆಗೆ ದಾಖಲೆಯ ‘ಬಗೆ’ಯನ್ನು ಪರೀಕ್ಷಿಸುತ್ತದೆ; ‘ಏನೂ ಆಗಿಲ್ಲ’ ಎಂದಿದ್ದರೆ ಬಿಟ್ಟುಬಿಡುತ್ತದೆ, ಇಲ್ಲವಾದರೆ ಇವೆಂಟ್‌ಗಳ ಸರದಿಗೆ ಸೇರಿಸುತ್ತದೆ. ಬರೀ ಶಿಫ್ಟ್ ಒತ್ತಿದಾಗ ಸರದಿಗೆ ಸೇರಬೇಕಾದದ್ದು ಏನೂ ಇಲ್ಲ. ಆದರೆ ಅಲ್ಲಿ ಹಳೆಯ ಕಸ ಉಳಿದಿದ್ದರೆ ಯಾರೂ ಒತ್ತದ ಕೀಲಿಯೊಂದು ಸರದಿಯಲ್ಲಿ ನಿಂತುಬಿಡಬಹುದು. ಇನ್ನೂ ಕೆಟ್ಟದ್ದು ಬೇರೆ ಇದೆ. ದಾಖಲೆಯ ಕೆಲವು ಅಂಕಣಗಳು, ಇಮ್ಯಾಕ್ಸ್‌ನ ಒಳಭಾಷೆಯಾದ ಲಿಸ್ಪ್‌ನ ವಸ್ತುಗಳ ವಿಳಾಸಗಳು. ಬಳಕೆಯಲ್ಲಿರುವ ಮೆಮೊರಿ ಯಾವುದೆಂದು ಗುರುತಿಸಲು, ಬಳಕೆ ಮುಗಿದ ಮೆಮೊರಿಯನ್ನು ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಟರ್ ಸರದಿಯಲ್ಲಿರುವ ಇವೆಂಟ್‌ಗಳ ಈ ವಿಳಾಸಗಳನ್ನೂ ಹಿಡಿದು ಹೋಗುತ್ತದೆ. ವಿಳಾಸವೇ ಸುಳ್ಳಾದರೆ ಸಂಪಾದಕ ಕುಸಿಯುತ್ತದೆ, ಅದೂ ತಪ್ಪು ನಡೆದ ಜಾಗದಿಂದ ಬಹುದೂರದಲ್ಲಿ. ಹೀಗೆ ಕುಸಿದ ಪ್ರೋಗ್ರಾಮಿನ ಮೂಲ ಹುಡುಕುವುದು ಬಹಳ ದಣಿಸುವ ಕೆಲಸ.

ಇದಕ್ಕೆ ಇಮ್ಯಾಕ್ಸ್ ಕಂಡುಕೊಂಡದ್ದು ‘ಇವೆಂಟ್_ಇನಿಟ್’ ಎಂಬ ಪುಟ್ಟ ಮ್ಯಾಕ್ರೊ (ಹೆಸರಿಟ್ಟ ಕೋಡಿನ ತುಣುಕು): ಮೊದಲು ಇಡೀ ದಾಖಲೆಗೆ ಸೊನ್ನೆ ತುಂಬು, ಆಮೇಲೆ ಬೇಕಾದಷ್ಟನ್ನು ಬರೆ. ಇದು ವ್ಯರ್ಥ ಶ್ರಮವಲ್ಲವೇ ಎಂಬ ಆಕ್ಷೇಪ ಹಗುರವಾದದ್ದು. ಮನುಷ್ಯನ ಬೆರಳಿನ ವೇಗದ ಮುಂದೆ ಹತ್ತಾರು ಬೈಟು ಒರೆಸುವ ಸಮಯ ಲೆಕ್ಕಕ್ಕಿಲ್ಲ. ಸೊನ್ನೆ ತುಂಬಿದರೆ ತಪ್ಪು ಮುಚ್ಚಿಹೋಗುತ್ತದೆ, ವಾಲ್‌ಗ್ರಿಂಡ್‌ನಂಥ ಪತ್ತೆಗಾರ ಉಪಕರಣಗಳಿಗೂ ಅದು ಕಾಣದು ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ. ಅರ್ಥವಿಲ್ಲದ ಸೊನ್ನೆಯಾಗಿದ್ದರೆ ಈ ಮಾತು ಪೂರ್ತಿ ನಿಜ. ಇಲ್ಲಿ ಹಾಗಲ್ಲ. ಇವೆಂಟ್ ಬಗೆಗಳ ಪಟ್ಟಿಯಲ್ಲಿ ಮೊದಲನೆಯದೇ ‘ಏನೂ ಆಗಿಲ್ಲ’. ಅದರ ಬೆಲೆ ಸೊನ್ನೆ. ಮರೆತ ಅಂಕಣ ಸುಳ್ಳು ಹೇಳುವ ಬದಲು ಸುಮ್ಮನಿರುತ್ತದೆ.

ಹಾಗಾದರೆ ಒರೆಸುವ ಕೆಲಸವನ್ನು ಕಂಪೈಲರಿಗೇ ವಹಿಸಬಾರದೇಕೆ? ಜಿಸಿಸಿ ಎಂಬ ಕಂಪೈಲರಿನ 2022ರ 12ನೇ ಆವೃತ್ತಿಯಿಂದ ಒಂದು ಆಯ್ಕೆ ಕೊಟ್ಟರೆ ಅದೇ ಸೊನ್ನೆ ತುಂಬಿಕೊಡುತ್ತದೆ. ಕಾವಲಾಗಿ ಇದು ಒಳ್ಳೆಯದೇ. ಆದರೆ 2023ರ ಇಮ್ಯಾಕ್ಸ್ 29ರ ಇವೆಂಟ್ ದಾಖಲೆಯಲ್ಲಿ, ಇವೆಂಟ್ ಯಾವ ಸಾಧನದಿಂದ ಬಂತು ಎಂಬ ಅಂಕಣವೂ ಇದೆ. ಅದಕ್ಕೆ ಸಲ್ಲುವ ಆರಂಭದ ಬೆಲೆ ಸೊನ್ನೆಯಲ್ಲ, ಲಿಸ್ಪ್‌ನ ‘ಟಿ’: ಕೀಲಿಯಾದರೆ ಸಾಮಾನ್ಯ ಕೀಬೋರ್ಡು, ಉಳಿದದ್ದಾದರೆ ಸಾಮಾನ್ಯ ಮೌಸು ಎಂದು ಭಾವಿಸು ಎಂಬ ಸೂಚನೆ. ಇದು ಕಂಪೈಲರಿಗೆ ತಿಳಿಯುವ ಸಂಗತಿಯೇ ಅಲ್ಲ. ಮ್ಯಾಕ್ರೊದಲ್ಲಿ ಅದನ್ನು ಒಮ್ಮೆ ಬರೆದದ್ದರಿಂದ, ಮ್ಯಾಕ್ರೊ ಬಳಸುವ ಹಳೆಯ ಕೋಡೆಲ್ಲ ಒಂದಕ್ಷರವೂ ಬದಲಾಗದೆ ಹೊಸ ಅಂಕಣವನ್ನು ಸರಿಯಾಗಿ ತುಂಬಿಕೊಳ್ಳುತ್ತದೆ.