ಹಾಲಿನ ಗಾಡಿ ತಿರುಗುವ ಜಾಗದಿಂದಾಚೆ

ಬೆಳಕು ಹರಿಯುವ ಹೊತ್ತಿಗೆ ಕ್ಯಾನು ಹಿಡಿದು ಸಂಘದ ಮುಂದೆ ಪಾಳಿಯಲ್ಲಿ ನಿಲ್ಲುವ ಅಕ್ಕ-ತಂಗಿಯರೇ, ನಿಮ್ಮ ಹಾಲಿನ ಪುಸ್ತಕದ ಮೊದಲ ಪುಟ ಒಮ್ಮೆ ತೆಗೆದು ನೋಡಿ. ನಿಮ್ಮ ಹೆಸರಿನ ಪಕ್ಕ ಒಂದು ಸದಸ್ಯ ಸಂಖ್ಯೆ ಇದೆ. ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು ಬಂತು, ಈ ಬಟವಾಡೆಗೆ ಎಷ್ಟು ಕೈಗೆ ಬಂತು ಎಂದು ದಿನಾ ಲೆಕ್ಕ ನೋಡುತ್ತೀರಿ. ಈ ಸಂಖ್ಯೆಯ ಕಡೆ ಕಣ್ಣು ಹಾಯುವುದು ಕಡಿಮೆ. ಅದರ ಬೆಲೆ ಎಷ್ಟು ಅಂತ ಇವತ್ತು ಲೆಕ್ಕ ಹಾಕೋಣ.

ಸಂಘಕ್ಕೆ ಹಾಕಿದ ಹಾಲಿಗೆ ರಾಜ್ಯ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನು ನೇರ ಬ್ಯಾಂಕ್ ಖಾತೆಗೆ ಹಾಕುತ್ತದೆ. ದಿನಕ್ಕೆ 4 ಲೀಟರ್ ಹಾಕುವವರಿಗೆ ತಿಂಗಳಿಗೆ 600 ರೂಪಾಯಿ ಆಯಿತು. ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಹೈನುಗಾರರಿಗೂ ಇದೆ. ಒಕ್ಕೂಟಕ್ಕೆ ಹಾಲು ಹಾಕುವವರಿಗೆ 2020ರಲ್ಲಿ ಜಮೀನು ಅಡ ಇಡದೆ 3 ಲಕ್ಷ ರೂಪಾಯಿವರೆಗೆ ಸಾಲದ ಅವಕಾಶ ಮಾಡಿದರು. ಅಂದರೆ ಹೊಲ ಇಲ್ಲದವಳಿಗೆ ಹಾಲಿನ ಲೆಕ್ಕವೇ ಹೊಲದ ಪಹಣಿ ಇದ್ದಂತೆ. ಇನ್ನು ಯಶಸ್ವಿನಿ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, ಮತ್ತೆ ಜಾರಿಗೆ ಬಂದ ಈ ಯೋಜನೆಯಲ್ಲಿ ಹಳ್ಳಿಯ ನಾಲ್ಕು ಮಂದಿಯ ಕುಟುಂಬ ವರ್ಷಕ್ಕೆ 500 ರೂಪಾಯಿ ಕಟ್ಟಿದರೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ ಯಾವುದಾದರೂ ಸಹಕಾರ ಸಂಘದ ಸದಸ್ಯತ್ವ ಇರಬೇಕು. ಇದರ ಮೇಲೆ ಬೋನಸ್ಸು, ಸಂಘದ ಚುನಾವಣೆಯಲ್ಲಿ ಒಂದು ಮತ.

ಇಷ್ಟೆಲ್ಲ ಒಂದು ಸಂಖ್ಯೆಗೆ ಕಟ್ಟಿಕೊಂಡಿದೆ. ಹಾಗಾದರೆ ಎಮ್ಮೆ ಇದ್ದೂ ಈ ಸಂಖ್ಯೆ ಇಲ್ಲದವರು ಯಾರು?

ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆ ಹೋದವರಿಗೆ ಗೊತ್ತು: ದೊಡ್ಡ ರಸ್ತೆ ಬಿಟ್ಟು ಕಾಡಿನೊಳಗೆ ಗೌಳಿಗರ ವಾಡೆಗಳಿವೆ. ಧನಗರ ಗೌಳಿಗರು ಎನ್ನುತ್ತಾರೆ. ಖಾನಾಪುರದಿಂದ ಹಳಿಯಾಳ, ಜೋಯಿಡಾ, ಯಲ್ಲಾಪುರ, ಮುಂಡಗೋಡದವರೆಗೂ ಹರಡಿಕೊಂಡಿದ್ದಾರೆ. ಮನೆಯಲ್ಲಿ ಆಡುವುದು ಮರಾಠಿಯ ಒಂದು ಬಗೆ. ತಲೆತಲಾಂತರದಿಂದ ಕಸುಬು ಒಂದೇ, ಎಮ್ಮೆ. (ಬೆಳಗಾವಿ ನಗರದ ಗವಳಿ ಗಲ್ಲಿಯವರು, ದೀಪಾವಳಿ ಪಾಡ್ಯದ ದಿನ ಎಮ್ಮೆ ಸಿಂಗರಿಸಿ ಓಡಿಸುವವರು, ಬೇರೆ. ಹೆಸರು ಹತ್ತಿರವಿದ್ದರೂ ಕಾಡಿನವರ ಬದುಕಿಗೂ ಅವರ ಬದುಕಿಗೂ ಬಹಳ ಅಂತರ.) ಮಾಧವ ಗಾಡ್ಗೀಳ್ ಮತ್ತು ಕೆ.ಸಿ. ಮಲ್ಹೋತ್ರಾ 1982ರಲ್ಲಿ ಗೌಳಿ ಧನಗರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಘಟ್ಟದ ನೆತ್ತಿಯಲ್ಲಿದ್ದ ಈ ಜನ ಹಾಲು ಮಾರುತ್ತಿರಲಿಲ್ಲ, ಬೆಣ್ಣೆ ಕೊಟ್ಟು ಕಾಳುಕಡಿ ತರುತ್ತಿದ್ದರು. ಕಾರಣ ನಿಮಗೆ ಹೇಳಬೇಕಿಲ್ಲ. ಬೆಣ್ಣೆ ನಾಲ್ಕು ದಿನ ತಡೆಯುತ್ತದೆ, ಹಾಲು ನಾಲ್ಕು ತಾಸೂ ತಡೆಯುವುದಿಲ್ಲ.

ನಮ್ಮ ಸಹಕಾರಿ ವ್ಯವಸ್ಥೆ ನಿಂತಿರುವುದೇ ಈ ನಾಲ್ಕು ತಾಸಿನ ಮೇಲೆ. ಕರೆದ ಹಾಲು ಸಂಘಕ್ಕೆ ಬರಬೇಕು, ಅಲ್ಲಿಂದ ಬಿಎಂಸಿಗೆ ಹೋಗಿ 4 ಡಿಗ್ರಿಗೆ ಇಳಿಯಬೇಕು, ಆಮೇಲೆ ಟ್ಯಾಂಕರ್‌ನಲ್ಲಿ ಬೆಳಗಾವಿಯ ಮಹಾಂತೇಶ ನಗರದ ಡೈರಿ ಸೇರಬೇಕು. ಹಾಲಿನ ಗಾಡಿ ಎಲ್ಲಿ ತಿರುಗುತ್ತದೋ ಅಲ್ಲಿಗೆ ಸಂಘ ಮುಗಿಯಿತು. ಅದರಿಂದಾಚೆ ಇರುವವಳು ಎಮ್ಮೆ ಎಷ್ಟೇ ಚೆನ್ನಾಗಿ ಸಾಕಲಿ, ಹಾಲಿನಲ್ಲಿ 7 ಫ್ಯಾಟ್ ಇರಲಿ, ನಮ್ಮ ಲೆಕ್ಕಕ್ಕೆ ಅವಳಿಲ್ಲ. ರಸ್ತೆ ಬದಿಯ ವಾಡೆಯವರು ಹೇಗೋ ಹಾಲು ಹಾಕುತ್ತಾರೆ. ಒಳಗಿನವರು ಬೆಣ್ಣೆ ಕಾಯಿಸುತ್ತಾರೆ, ಇಲ್ಲವೇ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಅಳೆಯುತ್ತಾರೆ. ಮಳೆಗಾಲಕ್ಕೆ ಅಕ್ಕಿ ತರಲು ಅವನ ಹತ್ತಿರ ಮುಂಗಡ ತೆಗೆದುಕೊಂಡಿದ್ದರೆ ಅವನು ಹೇಳಿದ್ದೇ ದರ, ಅವನ ಅಳತೆಯೇ ಅಳತೆ.

ಮಳೆಗಾಲ ಎಂದೆ. ಖಾನಾಪುರ ತಾಲೂಕಿನ ಆಮಗಾಂವದಲ್ಲಿ 2010ರಲ್ಲಿ 10 ಸಾವಿರ ಮಿ.ಮೀ. ಮೀರಿ ಮಳೆ ದಾಖಲಾಗಿತ್ತು. ಅಂಥ ಕಡೆ ಹಳ್ಳ ಬಂದರೆ ದಾರಿ ಬಂದ್. 2024ರ ಜುಲೈಯಲ್ಲಿ ಅಲ್ಲಿ ಆರೋಗ್ಯ ಕೆಟ್ಟ ಹೆಣ್ಣುಮಗಳೊಬ್ಬಳನ್ನು ಊರವರು ಕಾಡುದಾರಿಯಲ್ಲಿ ಹೆಗಲ ಮೇಲೆ ಹೊತ್ತು ಆಂಬುಲೆನ್ಸ್ ಇದ್ದಲ್ಲಿಗೆ ತಂದರು. ಯಶಸ್ವಿನಿ ಕಾರ್ಡು ಇರಲಿ ಬಿಡಲಿ, ಮೊದಲು ಆಸ್ಪತ್ರೆ ಮುಟ್ಟಬೇಕಲ್ಲ.

ರಸ್ತೆ ಮಾಡಿಕೊಡಿ ಎಂದರೆ ಕಾಗದ ಕೇಳುತ್ತಾರೆ. ಭೀಮಗಡ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ. ಅದರೊಳಗೆ ಸಿಕ್ಕ ಊರುಗಳಲ್ಲಿ ಒಂದು ಕಲ್ಲು ಹಾಕಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಡಿನ ಜನರಿಗೆಂದೇ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ದನ ಮೇಯಿಸುವ ಹಕ್ಕನ್ನೂ ಅದು ಒಪ್ಪುತ್ತದೆ. ಆದರೆ ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕಿಂತ ಮೊದಲು ಅಲ್ಲಿದ್ದೆವೆಂದು ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವೆಂದು ತೋರಿಸಬೇಕು. ಗೌಳಿಗರು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕೇಳುತ್ತಲೇ ಬಂದಿದ್ದಾರೆ. ಮೇವು ಹುಡುಕಿ ಕಾಡಿನಿಂದ ಕಾಡಿಗೆ ವಾಡೆ ಬದಲಿಸಿದ ಅಜ್ಜ-ಮುತ್ತಜ್ಜ ಯಾವ ಕಚೇರಿಯ ದಫ್ತರದಲ್ಲಿ ಹೆಸರು ಬರೆಸಿ ಹೋಗಿದ್ದಾನು? ಕಾಯ್ದೆ ಮಾಡಿದವರಿಗೆ ಹೊಲ-ಮನೆ ಇದ್ದವರ ಬದುಕು ಗೊತ್ತಿತ್ತು, ಎಮ್ಮೆಯ ಹಿಂದೆ ನಡೆದವರ ಬದುಕು ಗೊತ್ತಿರಲಿಲ್ಲ ಎಂದೇ ಅನ್ನಿಸುತ್ತದೆ.

ಕಾಡು ಬಿಟ್ಟು ಬನ್ನಿ, ಕುಟುಂಬಕ್ಕೆ 15 ಲಕ್ಷ ಕೊಡುತ್ತೇವೆ ಎಂಬ ಯೋಜನೆಯೂ ಇದೆ. ತಳೇವಾಡಿಯ ಕುಟುಂಬಗಳು ಅದಕ್ಕೆ ಒಪ್ಪಿದವು. ಶಾಲೆ, ದವಾಖಾನೆ ಹತ್ತಿರವಾಗುವುದು ಸಣ್ಣ ಮಾತಲ್ಲ. ಆದರೆ ಆ ದುಡ್ಡಿನಲ್ಲಿ ಮನೆ ಕಟ್ಟಬಹುದು. ಹತ್ತು ಎಮ್ಮೆ ಮೇಯುವಷ್ಟು ಜಾಗ ಪೇಟೆಯ ಬದಿ ಕೊಳ್ಳಲಾಗುವುದಿಲ್ಲ. ಕಣಿಕೆ, ಹಿಂಡಿ ಎಲ್ಲವನ್ನೂ ಕೊಂಡು ಹಾಕಿ ಹಾಲು ಕರೆದರೆ ಏನು ಉಳಿಯುತ್ತದೆ ಅಂತ ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ.

ಇದೆಲ್ಲ ಕಾಡಿನ ಮಾತು, ನಮ್ಮೂರಿಗೇನು ಎನ್ನಬೇಡಿ. ನಿಮ್ಮ ಓಣಿಯಲ್ಲೇ ಪಾಲಿಗೆ ಎಮ್ಮೆ ಕಟ್ಟಿದವಳು ಇರಬಹುದು. ಹುಲ್ಲು ಕೊಯ್ಯುವವಳು ಅವಳು, ಸಗಣಿ ಬಳಿಯುವವಳು ಅವಳು. ಹಾಲು ಬೀಳುವುದು ಮಾತ್ರ ಎಮ್ಮೆಯ ಯಜಮಾನರ ಹೆಸರಿಗೆ, ಪ್ರೋತ್ಸಾಹಧನ ಹೋಗುವುದೂ ಅವರ ಖಾತೆಗೆ. ಹೊಲ ಇಲ್ಲದ ದಲಿತ ಕೇರಿಯ ಹೆಣ್ಣುಮಕ್ಕಳು ಎಷ್ಟೋ ಕಡೆ ಹೀಗೆಯೇ ಸಂಘದ ಹೊರಗಿದ್ದಾರೆ. 1980ರ ದಶಕದಲ್ಲಿ ಕೇಂದ್ರದ ಸ್ಟೆಪ್ ಯೋಜನೆ ಬಂದು ಮಹಿಳಾ ಸಂಘಗಳಾಗುವ ಮುಂಚೆ ನೀವು ಹಾಕಿದ ಹಾಲೂ ಬಹಳ ಕಡೆ ಗಂಡನ ಹೆಸರಿಗೇ ಬೀಳುತ್ತಿತ್ತು.

ಸಂಘದಲ್ಲಿ ಈ ಮಾತು ತೆಗೆದರೆ ಏಳುವ ಮೊದಲ ಆಕ್ಷೇಪ, “ದೂರದಿಂದ ಬಂದ ಹಾಲು ಹುಳಿಯಾಗಿರುತ್ತದೆ, ನಮ್ಮ ಕ್ಯಾನೂ ಕೆಡುತ್ತದೆ.” ಇದು ಸುಳ್ಳು ಆಕ್ಷೇಪವಲ್ಲ. ಆದರೆ ಸುರಿಯುವ ಮುಂಚೆ ಒಬ್ಬೊಬ್ಬರ ಹಾಲನ್ನೂ ಮೂಸಿ, ರುಚಿ ನೋಡಿ, ಅನುಮಾನ ಬಂದರೆ ಕುದಿಸಿ ನೋಡುವ ಪದ್ಧತಿ ನಮ್ಮಲ್ಲಿದೆ. ಪರೀಕ್ಷೆ ಹಾಲಿಗೆ ಮಾಡೋಣ, ವಾಡೆಗೆ ಬೇಡ. ಎರಡನೆಯದು ಬೋನಸ್ಸು ಹಂಚಿಹೋಗುತ್ತದೆ ಎಂಬ ಭಯ. ಬೋನಸ್ಸು ಕೊಡುವುದು ಅವರವರು ಹಾಕಿದ ಹಾಲಿನ ಲೆಕ್ಕಕ್ಕೆ. ಹೊಸಬರು ಬಂದರೆ ಸಂಘದ ವಹಿವಾಟೂ ಬೆಳೆಯುತ್ತದೆ. ಗಟ್ಟಿ ಎಮ್ಮೆ ಹಾಲು ಬಂದರೆ ಕ್ಯಾನಿನ ಫ್ಯಾಟ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಮಾಡುವುದು ಹೇಗೆ? ಪ್ರತಿ ಸಂಘದ ಉಪವಿಧಿಯಲ್ಲಿ ಕಾರ್ಯವ್ಯಾಪ್ತಿ ಎಂದು ಊರುಗಳ ಹೆಸರು ಇರುತ್ತದೆ. ಪಕ್ಕದ ವಾಡೆಯ ಹೆಸರು ಅದರಲ್ಲಿದೆಯೇ ಎಂದು ಕಾರ್ಯದರ್ಶಿಯವರನ್ನು ಕೇಳಿ. ಇಲ್ಲದಿದ್ದರೆ ಸಾಮಾನ್ಯ ಸಭೆಯಲ್ಲಿ ತಿದ್ದುಪಡಿಗೆ ಒಪ್ಪಿಗೆ ಪಡೆದು ಸಹಕಾರ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಗಾಡಿ ಹೋಗುವ ಕೊನೆಯ ಜಾಗದಲ್ಲಿ ಒಂದು ಉಪಕೇಂದ್ರ ಮಾಡಿ, ವಾಡೆಯ ಓದಿದ ಹುಡುಗಿಗೇ ಹಾಲು ಪರೀಕ್ಷೆಯ ತರಬೇತಿ ಕೊಡಿಸಲು ಒಕ್ಕೂಟದ ವಿಸ್ತರಣಾಧಿಕಾರಿಗಳನ್ನು ಕೇಳಬಹುದು. ಷೇರಿನ ಹಣ ಒಮ್ಮೆಲೇ ಕಟ್ಟಲಾಗದವರಿಗೆ ಬಟವಾಡೆಯಲ್ಲಿ ಕಂತು ಮುರಿದುಕೊಳ್ಳುವ ಬಗ್ಗೆ ಆಡಳಿತ ಮಂಡಳಿ ಯೋಚಿಸಲಿ. ಪಾಲಿನ ಎಮ್ಮೆ ಸಾಕುವವಳ ಹೆಸರಿಗೂ ಬೇರೆ ಪುಸ್ತಕ ಮಾಡಿಸುವುದು ಇದಕ್ಕಿಂತ ಸುಲಭ, ಯಜಮಾನರು ಒಪ್ಪಬೇಕಷ್ಟೇ.

ರಸ್ತೆಗೂ ಒಂದು ದಾರಿ ಇದೆ. ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರಿನಂಥ ಕೆಲಸಕ್ಕೆ ಒಂದೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಬಹುದು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಇದಕ್ಕೆ ಮೊದಲು ಬೇಕಾದದ್ದು ಗ್ರಾಮಸಭೆಯ ಶಿಫಾರಸು. ವನ್ಯಜೀವಿಧಾಮದೊಳಗೆ ಈ ಕೆಲಸ ಇನ್ನೂ ಕಠಿಣ, ಹೊರಗಿನ ವಾಡೆಗಳಿಗೆ ಆಗುವಂಥದ್ದು. ಗ್ರಾಮಸಭೆಯಲ್ಲಿ ವಾಡೆಯ ಇಬ್ಬರು ಹೆಂಗಸರು ಎದ್ದು ಕೇಳಿದರೆ ಒಂದು ಬಗೆ, ಮಹಿಳಾ ಸಂಘದ ನೂರು ಸದಸ್ಯರು ಅವರ ಜೊತೆ ಕೂತು ಕೇಳಿದರೆ ಅದೇ ಬೇರೆ.

ವಾರ್ಷಿಕ ಸಾಮಾನ್ಯ ಸಭೆ ಸೆಪ್ಟೆಂಬರ್ 25ರೊಳಗೆ ಆಗಬೇಕು. ಕಾರ್ಯವ್ಯಾಪ್ತಿಯ ವಿಷಯ ಚರ್ಚೆಗೆ ಬರಬೇಕಾದರೆ ನೋಟಿಸು ಹೊರಡುವ ಮುಂಚೆಯೇ ಅಧ್ಯಕ್ಷರಿಗೆ ಬರವಣಿಗೆಯಲ್ಲಿ ಕೊಟ್ಟು, ಅರ್ಜಿಯ ಒಂದು ಪ್ರತಿಗೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ.